ಮನೆ ಮಗನ ಹೆಸರಿಗೆ: ಕೊಡುವಾಗ ಸೊನ್ನೆ, ಮಾರುವಾಗ ಲೆಕ್ಕ

ಮಾಷ್ಟ್ರು ಬಂದಾಗ ಕೈಯಲ್ಲಿ ಜವಳಿ ಅಂಗಡಿಯ ಹಳೇ ತೊಟ್ಟೆ ಇತ್ತು. ಒಳಗೆ ಮನೆಯ ಆಧಾರಗಳು, ಅಂದರೆ ನೋಂದಣಿ ಪತ್ರಗಳು. ಮೇಲಿನದು ಮಲಯಾಳದಲ್ಲಿ. ಅದರಡಿಯದ್ದು ಅವರ ಅಪ್ಪನ ಕಾಲದ್ದು, 1956ಕ್ಕೆ ಮೊದಲು ಕಾಸರಗೋಡು ಇನ್ನೂ ಮದ್ರಾಸ್ ರಾಜ್ಯದಲ್ಲಿದ್ದಾಗ ಬರೆಸಿದ್ದು. ದುಂಡಗಿನ ಕನ್ನಡ ಕೈಬರಹ. ಮಡಿಕೆ ಮಡಿಕೆಯಲ್ಲಿ ಹರಿದಿದೆ. ಹಿಂದಿನಿಂದ ಸೆಲೋಟೇಪ್ ಹಚ್ಚಿದ್ದಾರೆ, ಆ ಟೇಪೂ ಈಗ ಹಳದಿಯಾಗಿದೆ.

"ಮನೆಯನ್ನು ಮಗನ ಹೆಸರಿಗೆ ಮಾಡಿಬಿಡುವಾ ಅಂತ. ನನಗೂ ಎಪ್ಪತ್ತೆಂಟಾಯ್ತು. ಅವ ದುಬೈಯಲ್ಲಿ. ಆದ್ರೆ ಕ್ಯಾಪಿಟಲ್ ಗೇನ್ಸ್ ಅಂತ ಲಕ್ಷಗಟ್ಟಲೆ ಬರ್ತದಂತಲ್ಲ, ಹೌದಾ?" ಎಂದು ಕೇಳಿದರು. ಕ್ಯಾಪಿಟಲ್ ಗೇನ್ಸ್ ಎಂದರೆ ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆ. ಬದಿಯಡ್ಕ ಪೇಟೆಯಲ್ಲಿ ಯಾರೋ ಹೆದರಿಸಿದ್ದಾರೆ.

ಉತ್ತರ ಸುಲಭ. ಬರುವುದಿಲ್ಲ. ಅಪ್ಪ ಮಗನಿಗೆ ಮನೆಯನ್ನು ದಾನವಾಗಿ ಕೊಟ್ಟರೆ ಅಪ್ಪನಿಗೂ ಆದಾಯ ತೆರಿಗೆ ಇಲ್ಲ, ಮಗನಿಗೂ ಇಲ್ಲ. ಆದರೆ ಇಷ್ಟು ಹೇಳಿ ಕಳಿಸಿದರೆ ಮಾಷ್ಟ್ರಿಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಆ ತೆರಿಗೆ ಮಾಯವಾಗಿಲ್ಲ. ಮನೆಯ ಜೊತೆಗೆ ಅದೂ ಮಗನ ಹೆಸರಿಗೆ ದಾಟಿ, ಅವನು ಮಾರುವ ದಿನಕ್ಕಾಗಿ ಕಾಯುತ್ತಾ ಕೂತಿರುತ್ತದೆ. ಮಗ ಗಲ್ಫ್‌ನಲ್ಲಿದ್ದರೆ ಅದರ ಮೊತ್ತವೂ ಜಾಸ್ತಿಯಾಗುತ್ತದೆ. ಕುಂಬಳೆ, ಉಪ್ಪಳ, ಮುಳ್ಳೇರಿಯ ಕಡೆ ಗಲ್ಫ್‌ನಲ್ಲಿ ಒಬ್ಬರೂ ಇಲ್ಲದ ಕುಟುಂಬ ಹುಡುಕುವುದು ಕಷ್ಟ. ಹಾಗಾಗಿ ಇದು ನಮ್ಮ ಊರಿನದ್ದೇ ಪ್ರಶ್ನೆ.

ಮೊದಲು ಸೊನ್ನೆ ಯಾಕೆ ಎಂದು ನೋಡೋಣ. ಕ್ಯಾಪಿಟಲ್ ಗೇನ್ಸ್ ತೆರಿಗೆ ಬೀಳುವುದು ಆಸ್ತಿಯ 'ವರ್ಗಾವಣೆ'ಯ ಮೇಲೆ. ದಾನ ಮತ್ತು ಉಯಿಲು ಎರಡನ್ನೂ ವರ್ಗಾವಣೆ ಎಂದು ಲೆಕ್ಕಿಸಬಾರದು ಎಂದು 1961ರ ಆದಾಯ ತೆರಿಗೆ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ಕೊಟ್ಟವರ ಕಡೆಯಿಂದ ಅಲ್ಲಿಗೆ ಮುಗಿಯಿತು. ಪಡೆದವರ ಕಡೆಯಿಂದ 56ನೇ ಸೆಕ್ಷನ್ ಇದೆ. ಪುಕ್ಕಟೆಯಾಗಿ ಬಂದ ಆಸ್ತಿಯನ್ನು ಅದು ಆದಾಯ ಎನ್ನುತ್ತದೆ, ಆದರೆ ಹತ್ತಿರದ ಸಂಬಂಧಿಕರಿಂದ ಬಂದದ್ದನ್ನು ಬಿಟ್ಟುಬಿಡುತ್ತದೆ. ಹಿಂದೆ ಹೀಗಿರಲಿಲ್ಲ. ಸತ್ತವರ ಆಸ್ತಿಯ ಮೇಲೆ ಎಸ್ಟೇಟ್ ಡ್ಯೂಟಿ ಇತ್ತು, ಅದು 1985ರಲ್ಲಿ ಹೋಯಿತು. ದಾನದ ಮೇಲೆ ಗಿಫ್ಟ್ ಟ್ಯಾಕ್ಸ್ ಇತ್ತು, ಅದು 1998ರ ಅಕ್ಟೋಬರ್‌ನಲ್ಲಿ ಹೋಯಿತು. ಹಳಬರ ಹೆದರಿಕೆಗೆ ಈ ನೆನಪೂ ಕಾರಣ ಇರಬಹುದು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಲಾಗು. ಅದರಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ, ಈ ವಿಷಯದ ತಿರುಳು ಬದಲಾಗಿಲ್ಲ. ನಾನು ಹೇಳುವುದು ಹಳೇ ನಂಬರುಗಳನ್ನೇ, ನಮ್ಮ ಆಡಿಟರುಗಳ ಬಾಯಲ್ಲಿ ಇರುವುದೂ ಅವೇ.

ಈಗ ಮಗನ ಕೈಗೆ ಬಂದ ಮನೆಯ ವಿಷಯ. ಅವನಿಗೆ ಮನೆ ಪುಕ್ಕಟೆ ಸಿಕ್ಕಿದ್ದರೂ ಖರೀದಿ ಬೆಲೆ ಸೊನ್ನೆ ಎಂದು ಕಾನೂನು ಹೇಳುವುದಿಲ್ಲ. ಅಪ್ಪ ಕೊಟ್ಟ ಬೆಲೆಯೇ ಮಗನ ಬೆಲೆ. ಅಪ್ಪನಿಗೂ ಅಜ್ಜನಿಂದ ಬಂದಿದ್ದರೆ, ದುಡ್ಡು ಕೊಟ್ಟು ಪಡೆದ ಕೊನೆಯ ಯಜಮಾನ ಯಾರೋ ಅವರ ಬೆಲೆ. ಅಪ್ಪನ ಕೈಯಲ್ಲಿದ್ದ ವರ್ಷಗಳೂ ಮಗನ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ದಾನ ಸಿಕ್ಕಿದ ಮರುವಾರವೇ ಮಾರಿದರೂ ಅದು ದೀರ್ಘಾವಧಿಯ ಲಾಭವೇ. 2001ಕ್ಕಿಂತ ಮೊದಲಿನ ಆಸ್ತಿಯಾದರೆ ಇನ್ನೊಂದು ಅನುಕೂಲ ಇದೆ. ಮೂಲ ಬೆಲೆಯ ಬದಲು 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಮದ್ರಾಸ್ ಕಾಲದ ಆಧಾರದಲ್ಲಿ ಬರೆದ ಕೆಲವು ನೂರು ರೂಪಾಯಿ ಇಟ್ಟುಕೊಂಡು ಲಾಭ ಲೆಕ್ಕ ಹಾಕುವ ಪ್ರಮೇಯ ಇಲ್ಲ.

ಈ 2001ರ ಬೆಲೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ತೆರಿಗೆ ಎಷ್ಟು ಎಂದು ತೀರ್ಮಾನ ಮಾಡುವುದೇ ಅದು. 2020ರ ತಿದ್ದುಪಡಿ ಪ್ರಕಾರ, ಅಂದಿನ ಸರಕಾರಿ ದರ ಲಭ್ಯವಿದ್ದರೆ ಅದಕ್ಕಿಂತ ಹೆಚ್ಚು ತೋರಿಸುವ ಹಾಗಿಲ್ಲ. ಆದರೆ ಕೇರಳದಲ್ಲಿ ಈಗಿರುವ ಫೇರ್ ವ್ಯಾಲ್ಯೂ ಪಟ್ಟಿ ಜಾರಿಗೆ ಬಂದದ್ದೇ 2010ರಲ್ಲಿ. ಹಾಗಾಗಿ ನಮ್ಮಲ್ಲಿ ರಿಜಿಸ್ಟರ್ಡ್ ವ್ಯಾಲ್ಯೂವರ್ ಕೊಡುವ ರಿಪೋರ್ಟಿಗೆ ತೂಕ ಜಾಸ್ತಿ. ಆ ರಿಪೋರ್ಟನ್ನು ಅಪ್ಪ ಇರುವಾಗಲೇ ಮಾಡಿಸಿಡುವುದು ಜಾಣತನ. ಮಾಳಿಗೆ ಯಾವಾಗ ಹಾಕಿದ್ದು, ಬಾವಿ ಯಾವಾಗ ತೋಡಿದ್ದು, ರಸ್ತೆ ಯಾವಾಗ ಬಂದದ್ದು ಎಂದು ಹೇಳಬಲ್ಲವರು ಅವರೊಬ್ಬರೇ ಅಲ್ವಾ.

ಈಗ ಮಾಷ್ಟ್ರ ಮನೆಯ ಹಾಗಿನ ಒಂದು ಮನೆಯ ಲೆಕ್ಕ. ಇಪ್ಪತ್ತು ಸೆಂಟ್ಸ್ ಜಾಗ, 1990ರ ಸುಮಾರಿಗೆ ಕಟ್ಟಿದ ಮನೆ. 2001ರ ಬೆಲೆ 9 ಲಕ್ಷ ಎಂದಿಟ್ಟುಕೊಳ್ಳಿ. 2025–26ರಲ್ಲಿ 48 ಲಕ್ಷಕ್ಕೆ ಮಾರಾಟ.

ಅಪ್ಪನೇ ಮಾರಿದರೆ ಹೀಗೆ. 2024ರ ಜುಲೈ 23ರಿಂದ ಆಸ್ತಿ ಮಾರಾಟದ ದೀರ್ಘಾವಧಿ ಲಾಭಕ್ಕೆ 12.5% ತೆರಿಗೆ, ಬೆಲೆಯೇರಿಕೆಯ ರಿಯಾಯಿತಿ ಇಲ್ಲ. ಆದರೆ ಆ ದಿನಕ್ಕೆ ಮೊದಲೇ ಪಡೆದ ಜಾಗ ಮತ್ತು ಕಟ್ಟಡಕ್ಕೆ ಹಳೇ ದಾರಿಯೂ ತೆರೆದಿದೆ. ಇಂಡೆಕ್ಸೇಶನ್ ಮಾಡಿ, ಅಂದರೆ ಹಳೇ ಬೆಲೆಯನ್ನು ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕ ಹಾಗೆ ಏರಿಸಿ, ಉಳಿದ ಲಾಭಕ್ಕೆ 20%. ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಕಟ್ಟಿದರೆ ಸಾಕು. 2025–26ರ ಸೂಚ್ಯಂಕ 376, 2001–02ರದ್ದು 100. ಹಾಗಾಗಿ 9 ಲಕ್ಷ ಈಗ 33 ಲಕ್ಷ 84 ಸಾವಿರ ಆಗುತ್ತದೆ. ಲಾಭ ಉಳಿದದ್ದು 14 ಲಕ್ಷ 16 ಸಾವಿರ. ಅಪ್ಪನಿಗೆ ಬೇರೆ ಆದಾಯ ಏನೂ ಇಲ್ಲದಿದ್ದರೆ ಹೊಸ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿಯನ್ನೂ ಇದರಲ್ಲೇ ಕಳೆಯಬಹುದು. ಉಳಿದ 10 ಲಕ್ಷ 16 ಸಾವಿರಕ್ಕೆ 20%, ಮೇಲೆ 4% ಸೆಸ್. ಒಟ್ಟು 2 ಲಕ್ಷ 11 ಸಾವಿರ ಚಿಲ್ಲರೆ.

ಅದೇ ಮನೆಯನ್ನು ಕೆಲವು ವರ್ಷ ಮೊದಲೇ ಮಗನಿಗೆ ದಾನ ಕೊಟ್ಟಿದ್ದು, ದುಬೈಯಲ್ಲಿರುವ ಮಗ ಈಗ ಮಾರಿದರೆ? ಹಳೇ ದಾರಿ ರೆಸಿಡೆಂಟ್‌ಗಳಿಗೆ, ಅಂದರೆ ತೆರಿಗೆ ಲೆಕ್ಕದಲ್ಲಿ ಭಾರತದ ನಿವಾಸಿಗಳಿಗೆ ಮಾತ್ರ. ಎನ್‌ಆರ್‌ಐಗೆ 12.5% ಒಂದೇ. ಮೂಲ ವಿನಾಯಿತಿಯನ್ನು ಈ ಲಾಭದಲ್ಲಿ ಕಳೆಯಲೂ ಅವನಿಗೆ ಅವಕಾಶ ಇಲ್ಲ. 48ರಲ್ಲಿ 9 ಕಳೆದರೆ 39 ಲಕ್ಷ. ಅದಕ್ಕೆ 12.5%, ಮೇಲೆ ಸೆಸ್. ಒಟ್ಟು 5 ಲಕ್ಷ 7 ಸಾವಿರ.

ಅದೇ ಮನೆ, ಅದೇ ಬೆಲೆ, ಅದೇ ಗಿರಾಕಿ. ಹೆಸರು ಬದಲಾದದ್ದಕ್ಕೆ 2 ಲಕ್ಷ 95 ಸಾವಿರ ಜಾಸ್ತಿ.

ಇಷ್ಟರಲ್ಲಿ ಮುಗಿಯುವುದಿಲ್ಲ. ಮಾರುವವರು ರೆಸಿಡೆಂಟ್ ಆಗಿದ್ದು ಬೆಲೆ 50 ಲಕ್ಷಕ್ಕಿಂತ ಕಡಿಮೆಯಾದರೆ ಕೊಳ್ಳುವವರು ಟಿಡಿಎಸ್, ಅಂದರೆ ಕೊಡುವ ದುಡ್ಡಿನಲ್ಲೇ ಮೊದಲೇ ಕಡಿಯುವ ತೆರಿಗೆ, ಹಿಡಿಯಬೇಕಾಗಿಲ್ಲ. ಅದಕ್ಕಿಂತ ಮೇಲಾದರೆ 1%. ಮಾರುವವನು ಎನ್‌ಆರ್‌ಐ ಆದರೆ ಈ ಮಿತಿ ಇಲ್ಲವೇ ಇಲ್ಲ. ಸೆಸ್ ಸೇರಿ 13% ಹಿಡಿಯಬೇಕು. ಲಾಭ ಎಷ್ಟು ಎಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ, ತಪ್ಪಿದರೆ ದಂಡ ಅವರ ತಲೆಗೇ. ಹಾಗಾಗಿ ಅವರು ಪೂರ್ತಿ ಬೆಲೆಯ ಮೇಲೆ ಹಿಡಿದುಬಿಡುತ್ತಾರೆ. 48 ಲಕ್ಷಕ್ಕೆ 6 ಲಕ್ಷ 24 ಸಾವಿರ ಅಲ್ಲೇ ಕಟ್. ಮಾರುವ ಮೊದಲೇ ಇಲಾಖೆಗೆ ಅರ್ಜಿ ಹಾಕಿ ಕಡಿಮೆ ಕಡಿತದ ಸರ್ಟಿಫಿಕೇಟ್ ಪಡೆದರೆ ಇದನ್ನು ತಪ್ಪಿಸಬಹುದು. ಇಲ್ಲದಿದ್ದರೆ ಮುಂದಿನ ವರ್ಷ ರಿಟರ್ನ್ ಹಾಕಿ ರೀಫಂಡಿಗೆ ಕಾಯಬೇಕು. ಎಷ್ಟೋ ಗಿರಾಕಿಗಳು "ಎನ್‌ಆರ್‌ಐ ಆಸ್ತಿಯಾ, ರಗಳೆ ಬೇಡ" ಎಂದು ಹಿಂದೆ ಸರಿಯುವುದನ್ನೂ ನೋಡಿದ್ದೇನೆ.

ಹಾಗಾಗಿ ಕ್ಯಾಪಿಟಲ್ ಗೇನ್ಸ್ ಎಷ್ಟು ಎಂದು ಕೇಳುವ ಮೊದಲು ಮಾಷ್ಟ್ರು ಮಗನ ಹತ್ತಿರ ಒಂದು ಮಾತು ಕೇಳಬೇಕು. ನೀನು ಈ ಮನೆಯಲ್ಲಿ ಕೂರುತ್ತೀಯೋ, ಮಾರುತ್ತೀಯೋ? ಕೂರುವುದಾದರೆ ದಾನ ಕೊಡುವುದರಲ್ಲಿ ತೆರಿಗೆಯ ತಕರಾರೇ ಇಲ್ಲ. ಮಾರುವುದೇ ಆದರೆ ಅಪ್ಪ ತನ್ನ ಹೆಸರಲ್ಲೇ ಮಾರಿ, ತೆರಿಗೆ ಕಟ್ಟಿ, ದುಡ್ಡನ್ನು ಮಗನಿಗೆ ಕೊಡುವುದು ಲಾಭ. ಅಪ್ಪನಿಂದ ಬಂದ ದುಡ್ಡಿಗೂ ಮಗನ ಕೈಯಲ್ಲಿ ತೆರಿಗೆ ಇಲ್ಲ. ಇನ್ನೆರಡು ವರ್ಷದಲ್ಲಿ ಊರಿಗೆ ಬಂದು ನೆಲೆ ನಿಲ್ಲುವವನಾದರೆ ಅವಸರ ಮಾಡದೆ ಬಂದ ಮೇಲೆ ಮಾರಲಿ. ಆ ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ಅವನೂ ರೆಸಿಡೆಂಟೇ.

ಇಲ್ಲಿ ಒಂದು ಎಚ್ಚರಿಕೆ. ಹಳೇ 20% ದಾರಿಗೆ ಕಾನೂನು ಇಟ್ಟಿರುವ ಮಾತು '2024ರ ಜುಲೈ 23ಕ್ಕೆ ಮೊದಲು ಪಡೆದದ್ದು' ಎಂದು. ಈಗ ಹೊಸದಾಗಿ ದಾನ ಬರೆಸುವವರು, ಮಗ ಊರಲ್ಲೇ ಇದ್ದರೂ, ಈ ಒಂದು ಸಾಲನ್ನು ಆಡಿಟರಿಗೆ ತೋರಿಸಿಯೇ ಮುಂದುವರಿಯಲಿ. ಇನ್ನು ಎರಡು ದಾರಿಗಳಲ್ಲಿ ಯಾವುದು ಕಡಿಮೆ ಎಂದು ಕಣ್ಣಳತೆಗೆ ತಿಳಿಯಬೇಕಾದರೆ, 2025–26ರ ಸೂಚ್ಯಂಕದಲ್ಲಿ ಮಾರಾಟದ ಬೆಲೆ 2001ರ ಬೆಲೆಯ ಎಂಟು ಪಟ್ಟಿಗಿಂತ ಸ್ವಲ್ಪ ಮೇಲೆ ಹೋದರೆ 12.5% ಒಳ್ಳೆಯದು. ಅದರ ಕೆಳಗಿದ್ದರೆ 20%. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಜಾಗಗಳು ಮೊದಲಿನ ಗುಂಪಿಗೆ ಸೇರಿದರೆ ಆಶ್ಚರ್ಯ ಇಲ್ಲ. ಒಳಗಿನ ಹಳ್ಳಿ ಮನೆಗಳು ಹೆಚ್ಚಾಗಿ ಎರಡನೆಯದಕ್ಕೇ.

ತೆರಿಗೆಯನ್ನೇ ತಪ್ಪಿಸುವ ನ್ಯಾಯವಾದ ದಾರಿಯೂ ಇದೆ. ಮನೆ ಮಾರಿದ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿದರೆ, 54ನೇ ಸೆಕ್ಷನ್ ಪ್ರಕಾರ ಅಷ್ಟಕ್ಕೆ ವಿನಾಯಿತಿ. ಎನ್‌ಆರ್‌ಐಗೂ ಇದು ಉಂಟು, ಹೊಸ ಮನೆ ಭಾರತದೊಳಗೆ ಇರಬೇಕು ಅಷ್ಟೆ. ಇಲ್ಲಿನ ಮನೆ ಮಾರಿ ದೇರಳಕಟ್ಟೆ, ತೊಕ್ಕೊಟ್ಟು ಕಡೆ ಫ್ಲ್ಯಾಟ್ ತೆಗೆದುಕೊಳ್ಳುವವರಿಗೆ ತಲಪಾಡಿ ಗಡಿ ಅಡ್ಡ ಬರುವುದಿಲ್ಲ.

ಮಾಷ್ಟ್ರ ಮನೆಯ ಹಿಂದೆ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಅಲ್ಲಿಂದ ಲೆಕ್ಕವೇ ಬೇರೆ. ಹಳ್ಳಿಯ ಕೃಷಿಭೂಮಿ ಆದಾಯ ತೆರಿಗೆಯ ಕಣ್ಣಿನಲ್ಲಿ 'ಬಂಡವಾಳ ಆಸ್ತಿ'ಯೇ ಅಲ್ಲ. ಅದನ್ನು ಮಾರಿದರೆ ಕ್ಯಾಪಿಟಲ್ ಗೇನ್ಸ್ ಇಲ್ಲ, ಅಪ್ಪನಿಗೂ ಇಲ್ಲ, ಮಗನಿಗೂ ಇಲ್ಲ. ಹಳ್ಳಿ ಎಂದರೆ ಯಾವುದು? 10 ಸಾವಿರದಿಂದ 1 ಲಕ್ಷ ಜನ ಇರುವ ನಗರಸಭೆಯ ಗಡಿಯಿಂದ 2 ಕಿಲೋಮೀಟರ್ ಆಚೆ ಇರಬೇಕು. ರಸ್ತೆಯ ದೂರ ಅಲ್ಲ, ಕಾಗೆ ಹಾರುವ ದೂರ. ನಮ್ಮ ಜಿಲ್ಲೆಯ ಕಾಸರಗೋಡು, ಕಾಞಂಗಾಡು, ನೀಲೇಶ್ವರ ಮೂರೂ ನಗರಸಭೆಗಳು 2011ರ ಜನಗಣತಿ ಪ್ರಕಾರ ಇದೇ ಗುಂಪಿನವು. ನೀರ್ಚಾಲಿನ ತೋಟಕ್ಕೆ ಚಿಂತೆ ಇಲ್ಲ. ವಿದ್ಯಾನಗರದ ಆಸುಪಾಸಿನವರು ಅಳೆದು ನೋಡಬೇಕು. ಆದರೆ ತೋಟಕ್ಕೆ ಇರುವ ಈ ರಕ್ಷಣೆ ಮನೆಗೂ ಮನೆ ಕೂತ ಜಾಗಕ್ಕೂ ಇಲ್ಲ. ಎರಡನ್ನೂ ಒಟ್ಟಿಗೆ ಮಾರುವಾಗ "ಮನೆ ಸಮೇತ ತೋಟಕ್ಕೆ ಇಷ್ಟು" ಎಂದು ಒಂದೇ ಮೊತ್ತ ಬರೆಯುವ ರೂಢಿ ಇದೆ. ಆಮೇಲೆ ಯಾವುದಕ್ಕೆ ಎಷ್ಟು ಎಂದು ವಿವರಿಸುವುದು ತಲೆನೋವು. ಆಧಾರದಲ್ಲೇ ಬೇರೆ ಬೇರೆ ಬೆಲೆ ಬರೆಸಿ.

ತೋಟದಲ್ಲಿ ಇನ್ನೊಂದು ಗುಂಡಿ ಇದೆ. ಇದನ್ನು ಆಧಾರ ಬರೆಯುವವರು ಕೆಲವೊಮ್ಮೆ ಹೇಳುವುದೇ ಇಲ್ಲ. ವಿದೇಶಿ ವಿನಿಮಯದ ಫೆಮಾ ನಿಯಮಗಳ ಪ್ರಕಾರ ಎನ್‌ಆರ್‌ಐ ಆದವನು ಅಪ್ಪನಿಂದ ಮನೆಯನ್ನು ದಾನವಾಗಿ ಪಡೆಯಬಹುದು, ಆದರೆ ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಇವುಗಳನ್ನು ದಾನವಾಗಿ ಪಡೆಯುವಂತಿಲ್ಲ. ಅದೇ ತೋಟ ಅಪ್ಪ ತೀರಿಹೋದ ಮೇಲೆ ಉಯಿಲಿನಿಂದಲೋ ವಾರಸು ಹಕ್ಕಿನಿಂದಲೋ ಬಂದರೆ ತೊಂದರೆ ಇಲ್ಲ. ಅಂದರೆ ಮಾಷ್ಟ್ರು ಮನೆಯನ್ನು ಇವತ್ತು ಬರೆದುಕೊಡಬಹುದು. ತೋಟಕ್ಕೆ ಉಯಿಲು ಬರೆಸಬೇಕು. ತೋಟದ ನಡುವೆಯೇ ಮನೆ ಇರುವವರಂತೂ ಅದು ಫಾರ್ಮ್‌ಹೌಸ್ ಅನ್ನಿಸಿಕೊಳ್ಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಲಿ.

ಕೆಲವರು ದಾನದ ಬದಲು ಮಗನಿಗೆ ಮಾರಿದ ಹಾಗೆ ತೀರಾಧಾರ ಬರೆಸುತ್ತಾರೆ. ಕ್ರಯಪತ್ರ ಆದರೆ ನಾಳೆ ಹೆಣ್ಣುಮಕ್ಕಳು ಪಾಲು ಕೇಳಲಾರರು ಎಂಬ ಲೆಕ್ಕಾಚಾರ. ಇದರಷ್ಟು ದುಬಾರಿ ಜಾಣತನ ಇನ್ನೊಂದಿಲ್ಲ. ಕೇರಳದಲ್ಲಿ ಕ್ರಯಕ್ಕೆ 8% ಸ್ಟ್ಯಾಂಪ್ ಡ್ಯೂಟಿ, 2% ರಿಜಿಸ್ಟ್ರೇಶನ್ ಫೀಸು. ಮನೆಯೊಳಗಿನವರ ದಾನಾಧಾರಕ್ಕೋ ಧನನಿಶ್ಚಯ ಆಧಾರಕ್ಕೋ (ಸೆಟಲ್‌ಮೆಂಟ್ ಪತ್ರ) ಸ್ಟ್ಯಾಂಪ್ ಖರ್ಚು ಅದರ ಸಣ್ಣ ಪಾಲು. ಮೇಲಿಂದ, ಮಾರಿದ್ದು ಎಂದ ಮೇಲೆ ಅಪ್ಪನಿಗೆ ಕ್ಯಾಪಿಟಲ್ ಗೇನ್ಸ್ ಬಂದೇ ಬರುತ್ತದೆ. ಐದು ಲಕ್ಷ ಎಂದು ಕಡಿಮೆ ಬರೆದರೂ 50ಸಿ ಸೆಕ್ಷನ್ ಬಿಡುವುದಿಲ್ಲ, ಫೇರ್ ವ್ಯಾಲ್ಯೂ ಮೇಲೆಯೇ ಲೆಕ್ಕ ಹಾಕುತ್ತದೆ. ಮಗ ಒಂದು ರೂಪಾಯಿ ಕೊಡದೆ, ಅಪ್ಪ ಬಾರದ ದುಡ್ಡಿಗೆ ತೆರಿಗೆ ಕಟ್ಟುವ ಸ್ಥಿತಿ.

ನಮ್ಮ ಊರಿಗೇ ವಿಶೇಷವಾದ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ಇಲ್ಲಿ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆಗಳು ಬಹಳ. 1975ರ ಕೇರಳ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಯಾಗಿ ಕುಟುಂಬದ ಆಸ್ತಿ ಸದಸ್ಯರಿಗೆ ಹಂಚಿಹೋದರೂ, ಮಾವ ಸೋದರಳಿಯನಿಗೆ ಮನೆ ಕೊಡುವ ಮನಸ್ಸು ಇನ್ನೂ ಇದೆ. ಆದಾಯ ತೆರಿಗೆ ಕಾಯ್ದೆಗೆ ಅಳಿಯಸಂತಾನ ಗೊತ್ತಿಲ್ಲ, ಆದರೂ ಈ ಮಾವನನ್ನು ಅದು ಒಪ್ಪುತ್ತದೆ. ಯಾಕೆಂದರೆ ಅಪ್ಪ ಅಮ್ಮಂದಿರ ಒಡಹುಟ್ಟಿದವರು 'ಸಂಬಂಧಿಕರ' ಪಟ್ಟಿಯಲ್ಲಿದ್ದಾರೆ. ಹಾಗಾಗಿ ಮಾವನಿಂದ ಬಂದ ಮನೆಗೆ ಅಳಿಯನಿಗೆ ತೆರಿಗೆ ಇಲ್ಲ. ತಿರುಗಿ ನೋಡಿ. ಅಳಿಯ ಅದನ್ನೇ ಮಾವನಿಗೆ ವಾಪಸು ಕೊಟ್ಟರೆ? ಒಡಹುಟ್ಟಿದವರ ಮಕ್ಕಳು ಆ ಪಟ್ಟಿಯಲ್ಲಿ ಇಲ್ಲ. ಮಾವನ ಕೈಯಲ್ಲಿ ಪೂರ್ತಿ ಮನೆಯ ಸರಕಾರಿ ಬೆಲೆ ಆ ವರ್ಷದ ಆದಾಯ! "ಸದ್ಯಕ್ಕೆ ನಿನ್ನ ಹೆಸರಿಗಿರಲಿ, ಆಮೇಲೆ ನೋಡುವಾ" ಎಂದು ಕೊಟ್ಟವರು ಇದನ್ನು ಗಮನಿಸಬೇಕು.

ಸೊಸೆಯ ಹೆಸರಿಗೆ ಬರೆಸುವವರಿಗೂ ಒಂದು ಮಾತು. ದಾನಕ್ಕೆ ತೆರಿಗೆ ಇಲ್ಲ, ಆದರೆ ಆ ಮನೆಯ ಬಾಡಿಗೆಯೂ ಮಾರಿದ ಲಾಭವೂ ಕೊಟ್ಟ ಅತ್ತೆ ಮಾವಂದಿರ ಆದಾಯಕ್ಕೇ ಸೇರುತ್ತದೆ. ಮಗ ಮಗಳು ಪ್ರಾಯಕ್ಕೆ ಬಂದವರಾದರೆ ಈ ರಗಳೆ ಇಲ್ಲ.

ಮುಸ್ಲಿಂ ಕುಟುಂಬಗಳಲ್ಲಿ ಹಿಬಾ ಎಂಬ ದಾನ ಬಾಯಿಮಾತಿನಲ್ಲೂ ಆಗಬಹುದು. ಕೊಟ್ಟೆ ಎಂದು ಹೇಳಿ, ಪಡೆಯುವವರು ಒಪ್ಪಿ, ಸ್ವಾಧೀನ ಬಿಟ್ಟುಕೊಟ್ಟರೆ ಸಾಕು. ತೆರಿಗೆಗೆ ಅದೂ ದಾನವೇ. ಆದರೂ ಬ್ಯಾಂಕ್ ಸಾಲಕ್ಕೂ ಪೋಕ್ಕುವರವಿಗೂ (ಕಂದಾಯ ದಾಖಲೆಯಲ್ಲಿ ಹೆಸರು ಬದಲಿಸುವುದು) ಕಾಗದ ಕೇಳುತ್ತಾರೆ. ರಿಜಿಸ್ಟರ್ ಮಾಡಿಸಿದವರು ಆಮೇಲೆ ಅಲೆಯುವುದಿಲ್ಲ.

ಪುತ್ತೂರಿಗೆ ಮದುವೆ ಮಾಡಿಕೊಟ್ಟ ಮಗಳ ವಿಷಯ ಮಾಷ್ಟ್ರು ಕೊನೆಗೆ ತೆಗೆದರು. "ಅವಳಿಗೆ ಮಗನ ಹತ್ತಿರ ಹತ್ತು ಲಕ್ಷ ಕೊಡಿಸುವಾ ಅಂತಿದ್ದೇನೆ." ಅಪ್ಪ ಇರುವಾಗಲೇ, ಅಪ್ಪನದೇ ಆಸ್ತಿಯಾದರೆ ಅಣ್ಣ ತಂಗಿಗೆ ಕೊಡುವ ದುಡ್ಡು ದಾನ, ಅವಳಿಗೆ ತೆರಿಗೆ ಇಲ್ಲ. ಅಪ್ಪ ಹೋದ ಮೇಲೆ ಇಬ್ಬರಿಗೂ ಹಕ್ಕು ಬಂದು, ಅವಳು ತನ್ನ ಪಾಲನ್ನು ದುಡ್ಡು ತೆಗೆದುಕೊಂಡು ಬಿಟ್ಟುಕೊಟ್ಟರೆ ಮಾತು ಬೇರೆ. ಮನಸ್ತಾಪ ಬಗೆಹರಿಸಲು ಎಲ್ಲರೂ ಒಪ್ಪಿ ಮಾಡಿಕೊಂಡ ನಿಜವಾದ ಕುಟುಂಬ ಒಪ್ಪಂದವನ್ನು ಕೋರ್ಟುಗಳು ವರ್ಗಾವಣೆ ಅಲ್ಲ ಎಂದಿವೆ. ಆದರೆ ಬರೀ ಪಾಲು ಮಾರಿದ ಹಾಗೆ ಕಾಣುವ ಒಳಿಮುರಿಗೆ (ಹಕ್ಕು ಬಿಟ್ಟುಕೊಡುವ ಪತ್ರ) ಇಲಾಖೆ ತೆರಿಗೆ ಕೇಳಬಹುದು. ಪತ್ರದಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಬರೆದದ್ದು ಏನು ಎಂದು ಗೊತ್ತಾಗಬೇಕಲ್ಲ! ಇಲ್ಲಿ ಆಧಾರಗಳು ಹೆಚ್ಚಾಗಿ ಮಲಯಾಳದಲ್ಲಿ. ಮಾತಾಡಲು ಬರುವ ಎಷ್ಟೋ ಹಿರಿಯ ಕನ್ನಡಿಗರಿಗೆ ಓದಲು ಬರುವುದಿಲ್ಲ. ಮಾಷ್ಟ್ರೇ ಮೂವತ್ತು ವರ್ಷ ಕನ್ನಡ ಕಲಿಸಿದವರು, ತಮ್ಮ ಸ್ವಂತ ಆಧಾರವನ್ನು ಬೇರೆಯವರ ಕೈಯಲ್ಲಿ ಓದಿಸುತ್ತಾರೆ. ಸಬ್ ರಿಜಿಸ್ಟ್ರಾರ್ ಎದುರು ಸಹಿ ಹಾಕುವ ಹಿಂದಿನ ದಿನ ಕರಡನ್ನು ಮನೆಗೆ ತಂದು, ಸಾಲು ಸಾಲಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿಕೊಳ್ಳಲು ನಾಚಿಕೆ ಯಾಕೆ?

ಅದರಲ್ಲೂ ಒಂದು ಸಾಲು ಇದೆಯೇ ಎಂದು ನೋಡಲೇಬೇಕು. ಅಪ್ಪ ಅಮ್ಮನನ್ನು ಮಗ ನೋಡಿಕೊಳ್ಳಬೇಕು ಎಂಬ ಷರತ್ತು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಈ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಮಗ ನೋಡಿಕೊಳ್ಳದಿದ್ದರೆ ವಾಪಸು ಪಡೆಯಬಹುದು. ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ದಾನಪತ್ರವನ್ನೇ ರದ್ದು ಮಾಡಿತು. ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು ಎಂದು ಕೇರಳ ಹೈಕೋರ್ಟಿನ ಪೂರ್ಣ ಪೀಠ 2020ರಲ್ಲಿ ಹೇಳಿದೆ. ಬಾಯಿಮಾತಿಗೆ ಬಿಡಬೇಡಿ. ಬದುಕಿರುವವರೆಗೆ ಅಲ್ಲೇ ಇರುವ ಹಕ್ಕನ್ನೂ, ಬಾಡಿಗೆ ಬಂದರೆ ಅದನ್ನೂ ತಮಗೇ ಇಟ್ಟುಕೊಂಡು ಬರೆಯಲು ಅಡ್ಡಿಯಿಲ್ಲ. ಇಷ್ಟೆಲ್ಲ ಬೇಡ ಎನ್ನುವವರಿಗೆ ಉಯಿಲು ಇದೆ. ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿಗಳು ಬೇಕು, ಮನಸ್ಸು ಬದಲಾದರೆ ಬದಲಿಸಬಹುದು. ಮಗನಿಗೆ ಸಿಗುವ ತೆರಿಗೆ ಲೆಕ್ಕವೂ ದಾನದ್ದೇ. ನನ್ನನ್ನು ಕೇಳಿದರೆ ಗಲ್ಫ್‌ನಲ್ಲಿ ಮಗ ಇರುವ ಹೆಚ್ಚಿನವರಿಗೆ ಉಯಿಲೇ ಸಾಕು.

ಮಾಷ್ಟ್ರು ಎಲ್ಲ ಕೇಳಿ, ಆಧಾರಗಳನ್ನು ಒಂದೊಂದಾಗಿ ತೊಟ್ಟೆಗೆ ಹಾಕಿಕೊಂಡರು. ಹಳೇದನ್ನು ಅಡಿಗೆ, ಹೊಸದನ್ನು ಮೇಲೆ. ಆಮೇಲೆ ಅಲ್ಲೇ ಜಗಲಿಯಲ್ಲಿ ಕೂತು ಮಗನಿಗೆ ಫೋನ್ ಹಚ್ಚಿದರು. ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಟ್ಯಾಕ್ಸಿನದ್ದು ಆಮೇಲೆ ಹೇಳ್ತೇನೆ. ನೀನು ಊರಿಗೆ ಬರುವವನಾ, ಅಲ್ವಾ, ಅದನ್ನು ಮೊದಲು ಹೇಳು."